ಛತ್ರ, ವಠಾರ, ಪಿ.ಜಿ.

ಎಂಬತ್ತರ ದಶಕದಲ್ಲಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಎಷ್ಟೋ ಮಂದಿ ಮೊದಲು ಕೇಳುತ್ತಿದ್ದುದು ತೋಟದಪ್ಪನ ಛತ್ರದ ದಾರಿಯನ್ನು. ವ್ಯಾಪಾರದಲ್ಲಿ ದುಡಿದ ಹಣದಿಂದ ಗುಬ್ಬಿ ತೋಟದಪ್ಪನವರು (1838–1910) ರೈಲು ನಿಲ್ದಾಣದ ಹತ್ತಿರ ಕಟ್ಟಿಸಿದ ಛತ್ರ ಅದು. ಕೋರ್ಟು ಕೇಸಿಗೋ ಆಸ್ಪತ್ರೆಗೋ ಇಂಟರ್‌ವ್ಯೂಗೋ ಬಂದವರು ಒಂದೆರಡು ರಾತ್ರಿ ಕಳೆಯುತ್ತಿದ್ದರು. ಅಲ್ಲಿ ಜಾಗವಿಲ್ಲವೆಂದರೆ ಕಾಟನ್‌ಪೇಟೆ, ಗಾಂಧಿನಗರದ ಲಾಡ್ಜುಗಳು.

ಕೆಲಸ ಸಿಕ್ಕವರು ವಠಾರ ಹುಡುಕಬೇಕು. ಒಂದೇ ಅಂಗಳಕ್ಕೆ ಬಾಗಿಲು ತೆರೆದ ಸಾಲುಮನೆಗಳು, ಎಲ್ಲರಿಗೂ ಒಂದು ನಲ್ಲಿ, ಹಿಂದುಗಡೆ ಕಕ್ಕಸು. ಮಾಲೀಕರು ಊರು ಕೇಳಿ, ಕೆಲಸ ಕೇಳಿ, ಕೊನೆಗೆ “ನೀವು ಯಾವ ಜನ?” ಎನ್ನುತ್ತಿದ್ದರು. ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು! ಮದುವೆಯಾಗದ ಹುಡುಗನಿಗೆ ಮಹಡಿ ಮೇಲಿನ ರೂಮಾದರೂ ಸಿಕ್ಕೀತು. ಒಂಟಿ ಹೆಣ್ಣುಮಗಳಿಗೆ ನೆಂಟರ ಮನೆಯ ನಡುಮನೆಯೇ ಗತಿ. ಹಳೆಯ ಬೆಂಗಳೂರಿನ ಗುಣಗಾನ ಮಾಡುವವರು ಇದನ್ನೂ ಹೇಳಬೇಕು.

ಸಾಫ್ಟ್‌ವೇರ್ ಕೆಲಸ ಹೆಚ್ಚಿದ ಹಾಗೆ ಮಡಿವಾಳ, ಬಿಟಿಎಂ ಲೇಔಟ್, ಮಾರತ್ತಹಳ್ಳಿಗಳಲ್ಲಿ ಮೂವತ್ತು–ನಲವತ್ತರ ಸೈಟಿನ ಮೇಲೆ ನಾಲ್ಕೈದು ಅಂತಸ್ತಿನ ಪಿ.ಜಿ.ಗಳು (ಪೇಯಿಂಗ್ ಗೆಸ್ಟ್ ವಸತಿಗಳು) ಎದ್ದವು. ಬಾಡಿಗೆ ರೂಮಿಗಲ್ಲ, ಮಂಚಕ್ಕೆ: ಟೂ ಶೇರಿಂಗ್, ತ್ರೀ ಶೇರಿಂಗ್, ಊಟ ಸೇರಿ ಇಷ್ಟು. ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲಾರದವರಿಗೆ ಇದು ದೊಡ್ಡ ಆಸರೆ. ರಾಯಚೂರಿನಿಂದಲೋ ಹಾವೇರಿಯಿಂದಲೋ ಬಂದ ಹುಡುಗಿ ಆಧಾರ್ ನಕಲು ಕೊಟ್ಟು ಅದೇ ಸಂಜೆ ಬ್ಯಾಗ್ ಇಳಿಸಬಹುದು. ಮಂಚದಿಂದ ಮಂಚಕ್ಕೆ ಒಂದು ಮೊಳ ಜಾಗ, ಸಾರು ನೀರು ನೀರು. ಆದರೂ ಜಾತಿ ಕೇಳದೆ ಕೀಲಿಕೈ ಕೊಡುವುದು ಸಣ್ಣ ಮಾತಲ್ಲ.

2020ರ ಲಾಕ್‌ಡೌನ್‌ನಲ್ಲಿ ಈ ಕಟ್ಟಡಗಳು ಖಾಲಿಯಾಗಿ ಎಷ್ಟೋ ಪಿ.ಜಿ.ಗಳು ಮುಚ್ಚಿದವು. ಮತ್ತೆ ತುಂಬುವ ಹೊತ್ತಿಗೆ ತೆರಿಗೆಯ ತಕರಾರು. ಪಿ.ಜಿ., ಹಾಸ್ಟೆಲ್ ಬಾಡಿಗೆಗೆ 12% ಜಿಎಸ್‌ಟಿ ಅನ್ವಯಿಸುತ್ತದೆಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಮರುವರ್ಷ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿಗೆ ಒಪ್ಪಿತು: ಬಾಡಿಗೆ ತಿಂಗಳಿಗೆ ತಲಾ 20,000 ರೂಪಾಯಿಯೊಳಗಿರಬೇಕು, ಸತತ 90 ದಿನವಾದರೂ ಉಳಿಯಬೇಕು.

ಕೆಲಸಕ್ಕೆ ಬಂದ ಹುಡುಗರಿಗೆ ಇದರಿಂದ ನಿಜಕ್ಕೂ ಅನುಕೂಲವಾಯಿತು. ಕೆಲವೇ ದಿನಕ್ಕೆಂದು ಬರುವ ಬಡವರ ಪಾಡು ಮಾತ್ರ ಬಿಗಡಾಯಿಸಿದೆ. ದಿನಕ್ಕೆ 1,000 ರೂಪಾಯಿವರೆಗಿನ ಲಾಡ್ಜ್ ರೂಮಿಗಿದ್ದ ತೆರಿಗೆ ವಿನಾಯಿತಿ 2022ರ ಜುಲೈನಲ್ಲೇ ಹೋಯಿತು. ಕಿದ್ವಾಯಿ, ನಿಮ್ಹಾನ್ಸ್ ಬಳಿ ಧರ್ಮಶಾಲೆಗಳಿದ್ದರೂ ಬರುವವರೆಲ್ಲರಿಗೆ ಸಾಲುವುದಿಲ್ಲ. ವಿಕಿರಣ ಚಿಕಿತ್ಸೆಗೆಂದು ಐದಾರು ವಾರ ಇಲ್ಲೇ ಇರಬೇಕಾದ ರೋಗಿ, ಜೊತೆಗೆ ಬಂದ ಅವ್ವ ಅಥವಾ ಹೆಂಡತಿ, ತೊಂಬತ್ತು ದಿನದ ಆ ಲೆಕ್ಕದೊಳಗೆ ಬರುವುದೇ ಇಲ್ಲ.