ಬಯಲು ಜಗಲಿಗೆ ಯಾವ ಹಾಸು?

ಮನೆಯೊಳಗಣ ನೆಲವನ್ನು ಕುರಿತು ನಮ್ಮ ಜನರು ಬಹಳವಾಗಿ ಆಲೋಚಿಸುವರು; ಹೊರಗಣ ನೆಲವನ್ನು ಕುರಿತೋ, ಕಟ್ಟಡವೆಲ್ಲ ಮುಗಿದು ಕೈಯಲ್ಲಿನ ಹಣವು ಬರಿದಾದ ಮೇಲೆ ಆಲೋಚಿಸುವರು. ಆದರೆ ಬಿಸಿಲು, ಮಳೆ, ಕೆಸರುಗಾಲು, ದನಕರುಗಳ ಗೊರಸು ಇವೆಲ್ಲವನ್ನೂ ತಾಳಬೇಕಾದುದು ಆ ಹೊರಗಣ ನೆಲವೇ. ಸೂರಿಲ್ಲದ ಬಯಲು ಜಗಲಿಗೆ ಹೆಚ್ಚು ಆರೈಕೆಯನ್ನು ಬೇಡದ ಹಾಸು ಯಾವುದೆಂಬುದನ್ನು ಅಂಗಡಿಯ ಮಾದರಿಗಳಿಂದ ತಿಳಿಯುವುದಕ್ಕಿಂತ, ಕಲ್ಲು ಹುಟ್ಟುವ ಊರುಗಳಲ್ಲಿಯೇ ನೋಡಿ ತಿಳಿಯುವುದು ಲೇಸೆಂದು ಬಗೆದು, ನಾವು ಕಲಬುರಗಿಯ ಸೀಮೆಯಿಂದ ಹೊರಟು, ಬೆಂಗಳೂರಿನ ಮಾರ್ಗವಾಗಿ ಕರಾವಳಿಯನ್ನು ಸೇರಿ, ಅಲ್ಲಿಂದ ಘಟ್ಟವನ್ನೇರಿ ಮಲೆನಾಡಿಗೆ ಬಂದೆವು.

ಶಹಾಬಾದು ಕಾಗಿಣಾ ನದಿಯ ಬಳಿಯ ಊರು. ಅಲ್ಲಿಯ ಜನರಿಗೆ ಪರಸಿಕಲ್ಲೇ ಸರ್ವಸ್ವ. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಹೊಲದ ಬೇಲಿಗೂ ನಿಲ್ಲಿಸಿದ ಪರಸಿಯೇ. ಈ ಸುಣ್ಣಕಲ್ಲು ಭೂಮಿಯಲ್ಲಿ ಪದರಪದರವಾಗಿ ಮಲಗಿರುವುದರಿಂದ, ಹಾರೆಯನ್ನು ಸಂದಿಗೆ ಕೊಟ್ಟು ಮೀಟಿದರೆ ಪುಸ್ತಕದ ಹಾಳೆಯಂತೆ ಏಳುವುದು. ಕೆತ್ತನೆಯ ಕೂಲಿ ಕಡಮೆಯಾದುದರಿಂದ ಬೆಲೆಯೂ ಹಗುರ. ಮಳೆ ವಿರಳವಾದ ಆ ನಾಡಿನಲ್ಲಿ ಪೊರಕೆಯಾಡಿಸಿದರೆ ಸಾಕು, ಜಗಲಿಯು ಶುಚಿಯಾಗುವುದು. ಆದರೆ ಇದರ ಸ್ವಭಾವವನ್ನು ಗೃಹಿಣಿಯರು ಅರಿತಿರಬೇಕು. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆಯ ರಸವೋ ಹುಣಿಸೆಯ ನೀರೋ ಬಿದ್ದು ನಿಂತರೆ ಹೊಳಪು ಹೋಗಿ ಕಲೆ ಉಳಿಯುವುದು. ನುಣುಪು ಮಾಡಿದ ಪರಸಿಯು ಒದ್ದೆಯಾದರೆ ಕಾಲನ್ನು ಹಿಡಿಯದು.

ಬೆಂಗಳೂರಿನ ಸುತ್ತಣ ಕಲ್ಲಿನ ಕಥೆಯೇ ಬೇರೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುವರು. ದೇವನಹಳ್ಳಿಯ ಕಡೆಯ ಸಾದರಹಳ್ಳಿಯ ಬೂದುಬಣ್ಣದ ಕಲ್ಲು ಹೆಸರಾದುದು. ಇಂತಹ ಕಗ್ಗಲ್ಲು ಹುಳಿಗೂ ಅಂಜದು, ಮಳೆಗೂ ಅಂಜದು. ಹೊರಗಣ ಹಾಸಿಗೆಂದು ಇದರ ಮೇಲ್ಮೈಗೆ ಬಲವಾದ ಉರಿಯನ್ನು ಹಾಯಿಸುವುದುಂಟು. ಶಾಖಕ್ಕೆ ಹರಳುಗಳು ಹಿಗ್ಗಿ ಸಿಡಿದು, ಕಲ್ಲು ತರಿತರಿಯಾಗುವುದು. ಆ ತರಿಯೇ ಒದ್ದೆಗಾಲಿಗೆ ಆಸರೆ. ತೂಕ ಹೆಚ್ಚು, ಸಾಗಣೆಯ ವೆಚ್ಚವೂ ಹೆಚ್ಚು ಎಂಬುದೇ ಇದರ ಕೊರತೆ.

ಕರಾವಳಿಗೆ ಇಳಿದರೆ ಮಣ್ಣೂ ಕೆಂಪು, ಕಲ್ಲೂ ಕೆಂಪು. ದಕ್ಷಿಣದಲ್ಲಿ ಮುರಕಲ್ಲೆಂದೂ ಉತ್ತರ ಕನ್ನಡದಲ್ಲಿ ಚಿರೇಕಲ್ಲೆಂದೂ ಕರೆಯುವ ಈ ಕಲ್ಲು ಅಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಗೋಡೆಗೆ ಇದಕ್ಕಿಂತ ಒಗ್ಗುವ ಕಲ್ಲು ಅಲ್ಲಿಲ್ಲ. ಆದರೆ ಮೈಯೆಲ್ಲ ತೂತುಗಳಾದುದರಿಂದ ನೆಲಕ್ಕೆ ಹಾಸಿದರೆ ನೀರನ್ನು ಹೀರಿಕೊಂಡು, ಆಷಾಢದೊಳಗಾಗಿ ಹಸುರು ಪಾಚಿಯನ್ನು ಹೊದೆಯುವುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಸುಟ್ಟ ಮಣ್ಣಿನ ಕೆಲಸಕ್ಕೆ ಆ ಊರು ಹೆಸರುವಾಸಿಯಾಯಿತು. ಮಣ್ಣಿನ ಬಿಲ್ಲೆಯ ನೆಲವು ಕಣ್ಣಿಗೂ ಕಾಲಿಗೂ ಹಿತವೇ. ಆದರೆ ಅದಕ್ಕೆ ಸೂರು ಬೇಕು. ಬಯಲಿನಲ್ಲಿ ಅದಕ್ಕೂ ಪಾಚಿಯ ಕಾಟ ತಪ್ಪದು.

ಮರದ ಹಲಗೆಗಳ ಜಗಲಿಯೂ ಈಗ ಬಳಕೆಗೆ ಬಂದಿದೆ. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿದ್ದರೂ, ಬಯಲಿನಲ್ಲಿ ಅದರ ಬಣ್ಣ ಮಾಸಿ ಬೂದಿಯಾಗುವುದು. ಬಣ್ಣ ಉಳಿಯಬೇಕಾದರೆ ಆಗಾಗ ಎಣ್ಣೆಯನ್ನು ಬಳಿಯಬೇಕು. ಅಗ್ಗದ ಮರವಾದರೆ ಗೆದ್ದಲಿನ ಪಾಲು. ಮರದ ಹುಡಿಯನ್ನೂ ಪ್ಲಾಸ್ಟಿಕನ್ನೂ ಕಲಸಿ ಮಾಡಿದ ಹಲಗೆಗಳಿಗೆ ಬಣ್ಣವೂ ಬೇಡ, ಎಣ್ಣೆಯೂ ಬೇಡ. ಆದರೂ ಬಿಸಿಲಿಗೆ ಅವು ಹಿಗ್ಗುವುದರಿಂದ ನಡುವೆ ಸಂದು ಬಿಡಬೇಕು; ನಡುಹಗಲಿನಲ್ಲಿ ಬರಿಗಾಲಿಡಲಾಗದಷ್ಟು ಕಾಯುವುದುಂಟು; ನೆರಳಿನ ತಾಣದಲ್ಲಿ ಅವುಗಳ ಮೇಲೂ ಬೂಷ್ಟು ಹಿಡಿಯುವುದು.

ಇನ್ನು ಮಲೆನಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುವುದು. ಆ ಸೀಮೆಯ ಅಂಗಳವು ಹೆಂಗಸರ ರಟ್ಟೆಯ ಬಲದಿಂದಲೇ ಬಾಳಿದುದು. ಮಳೆಗಾಲ ಕಳೆದೊಡನೆ ಹುಲ್ಲನ್ನು ಕೆತ್ತಿ, ಮಣ್ಣನ್ನು ಬಡಿದು, ಸಗಣಿಯಿಂದ ಸಾರಿಸಿ, ಅಡಿಕೆ ಒಣಗಿಸಲು ಅಣಿಮಾಡಬೇಕು. ಮಳೆ ಬಂದೊಡನೆ ಅದೆಲ್ಲವೂ ತೊಳೆದುಹೋಗುವುದು. ಜಾರದಿರಲೆಂದು ಅಡಿಕೆಯ ದಬ್ಬೆಯನ್ನೋ ಸೋಗೆಯನ್ನೋ ಹಾಸಿ ಅದರ ಮೇಲೆ ನಡೆಯುವರು. ನಾವು ಹಾಸನ್ನು ಹುಡುಕಿದುದು ಇಂತಹ ಸೀಮೆಯ ಮನೆಗಾಗಿಯೇ. ಅಲ್ಲಿ ಎಂಬತ್ತು ದಾಟಿದ ನಮ್ಮ ತಾಯಿಯವರು ಶ್ರಾವಣದ ಮಳೆಯಲ್ಲಿಯೂ ತುಲಸೀಕಟ್ಟೆಗೆ ದೀಪವಿಡದೆ ಬಾಯಿಗೆ ನೀರು ಹಾಕುವವರಲ್ಲ. ಆ ವಯಸ್ಸಿನಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವುದು ಎಷ್ಟು ದುಸ್ತರವೆಂಬುದನ್ನು ವಾಚಕರು ಬಲ್ಲರು. ಆದುದರಿಂದ ಅಂದವನ್ನೂ ಬೆಲೆಯನ್ನೂ ಹಿಂದಿರಿಸಿ, ಕಾಲು ನಿಲ್ಲುವುದೇ ಎಂಬುದನ್ನು ನಾವು ಮೊದಲು ಕೇಳಬೇಕಾಯಿತು.

ಹೀಗೆ ಕೇಳಿದಾಗ ಉಳಿದುದು ಉರಿ ಹಾಯಿಸಿದ ಬೂದುಗಲ್ಲೊಂದೇ. ಅದನ್ನೇ ಹಾಸಿಸಿದೆವು. ಆದರೆ ಕಲ್ಲು ಒಳ್ಳೆಯದಾದ ಮಾತ್ರಕ್ಕೆ ಜಗಲಿಯು ಒಳ್ಳೆಯದಾಗದು. ಕೆಳಗಣ ಮಣ್ಣನ್ನು ನೀರು ಹಾಕಿ ಚೆನ್ನಾಗಿ ದಮ್ಮಸು ಮಾಡಬೇಕು. ಇಲ್ಲವಾದರೆ ಕಲ್ಲು ಕುಸಿದು ನೀರು ನಿಲ್ಲುವುದು, ನೀರು ನಿಂತಲ್ಲಿ ಪಾಚಿ ಹುಟ್ಟುವುದು. ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಮನೆಯಿಂದ ಹೊರಮುಖವಾಗಿ ಇರಬೇಕು. ಮಾಡಿನ ನೀರು ಹಾಸಿನ ಮೇಲೆ ಸುರಿಯದಂತೆ ದೋಣಿಯನ್ನು ಕಟ್ಟಿಸಬೇಕು. ಮೇಲೆ ಬಾಗಿದ ಕೊಂಬೆಗಳನ್ನು ಸವರಿ ಬಿಸಿಲಿಗೆ ದಾರಿಮಾಡಿಕೊಡಬೇಕು.

ಆರೈಕೆಯನ್ನೇ ಬೇಡದ ಹಾಸು ಎಂಬುದು ಅಂಗಡಿಯವರ ಮಾತಿನಲ್ಲಿ ಮಾತ್ರ ಉಂಟು. ನಮ್ಮ ಬೂದುಗಲ್ಲಿಗೂ ಮಳೆಗಾಲದಲ್ಲಿ ಎರಡು ಮೂರು ಸಲ ಬ್ಲೀಚಿಂಗ್ ಪುಡಿಯನ್ನು ಚೆಲ್ಲಿ, ಆ ನೀರು ಬಾವಿಗೂ ಗಿಡದ ಬುಡಕ್ಕೂ ಹರಿಯದಂತೆ ನೋಡಿಕೊಂಡು, ತೆಂಗಿನಕಡ್ಡಿಯ ಪೊರಕೆಯಿಂದ ಉಜ್ಜಬೇಕು. ಅದು ಒಂದು ಮುಂಜಾನೆಯ ಕೆಲಸ. ಮನೆಯ ಗಂಡಸರೂ ಮಾಡಬಹುದಾದ ಕೆಲಸ. ಒಣನಾಡಿನವರು ಪರಸಿಯನ್ನು ಬಿಟ್ಟು ದೂರದ ಕಲ್ಲನ್ನು ತರಿಸುವ ಅಗತ್ಯವಿಲ್ಲ; ಮಳೆನಾಡಿನವರು ನುಣುಪಿಗೆ ಮನಸೋಲಬಾರದು. ಕೊಳ್ಳುವ ಮೊದಲು ಮಾದರಿಯ ಕಲ್ಲೊಂದನ್ನು ಮನೆಗೆ ತಂದು, ನೀರು ಸುರಿದು, ಅದರ ಮೇಲೆ ಬರಿಗಾಲಿನಲ್ಲಿ ನಿಂತು ನೋಡಿರಿ. ಮನೆಯ ಹಿರಿಯರು ಕೈಯಾಸರೆಯಿಲ್ಲದೆ ಅದರ ಮೇಲೆ ನಡೆಯಬಲ್ಲರೆಂದು ತೋರಿದರೆ, ಬೆಲೆಯ ಮಾತನ್ನು ಆಮೇಲೆ ಆಡಬಹುದು.