ಕೌದಿಯಾದ ವಿಮಾನ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಯನ್ನು ಸುಮ್ಮನೆ ಬಿಸಾಡುವ ಪದ್ಧತಿಯಿಲ್ಲ. ಉಟ್ಟು ಉಟ್ಟು ಸವೆದು, ಸೆರಗು ಹರಿದು, ಇನ್ನು ಮೈಮೇಲೆ ನಿಲ್ಲಲಾರದೆಂದು ಖಾತ್ರಿಯಾದ ಮೇಲೂ ಅದು ಗಂಟಿನಲ್ಲಿ ಮಡಿಚಿಕೊಂಡು ಕುಳಿತಿರುತ್ತದೆ. ಒಂದು ದಿನ ಮಧ್ಯಾಹ್ನ ಮನೆಯ ಹಿರಿಯಾಕೆ ಆ ಗಂಟನ್ನು ಬಿಚ್ಚುತ್ತಾಳೆ. ಅತ್ತೆಯ ಇಳಕಲ್ ಸೀರೆಯ ಅಂಚು, ಮಾವನ ಧೋತರ, ಮೊಮ್ಮಗಳ ಲಂಗದ ಚೂರು, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕೌದಿಯಾಗುತ್ತವೆ. ಚಳಿಗಾಲದಲ್ಲಿ ಅದನ್ನು ಹೊದ್ದವರಿಗೆ ಬೆಚ್ಚಗಾಗುವುದು ಅರಿವೆಯಿಂದಲೋ, ಆ ಅರಿವೆಗಳನ್ನು ಉಟ್ಟು ಹೋದವರ ನೆನಪಿನಿಂದಲೋ ಹೇಳುವುದು ಕಷ್ಟ.

ಈ ಗೃಹಿಣಿಯ ಬುದ್ಧಿಯು ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಯುದ್ಧವಿಮಾನಗಳ ಮೇಲೆ ನಡೆಯಿತೆಂದರೂ, ಆ ಕೌದಿಯನ್ನು ಮುಟ್ಟಿ ನೋಡಲು ಸಾಗರದಾಚೆಯ ಮುದುಕರು ಕೋಲೂರಿಕೊಂಡು ಬಂದರೆಂದರೂ ಕೇಳಿದವರು ನಕ್ಕಾರು. ಆದರೆ ನಡೆದದ್ದು ಹಾಗೆಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಬಿ-24 ಲಿಬರೇಟರ್ ಎಂಬ ಬಾಂಬರ್ ವಿಮಾನಗಳನ್ನು 18,000ಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಿದವು. ನಾಲ್ಕು ಎಂಜಿನುಗಳ ಈ ದೊಡ್ಡ ಹಕ್ಕಿಯ ಹೊಟ್ಟೆಯೊಳಗೆ ಸಾಮಾನ್ಯವಾಗಿ ಹತ್ತು ಜನ ಸಿಬ್ಬಂದಿ. 1944ರಲ್ಲಿ ಮಿಶಿಗನ್ ರಾಜ್ಯದ ವಿಲೋ ರನ್ ಎಂಬಲ್ಲಿ ಫೋರ್ಡ್ ಕಾರ್ಖಾನೆಯೊಂದೇ ಹೆಚ್ಚುಕಡಿಮೆ ಗಂಟೆಗೊಂದು ವಿಮಾನವನ್ನು ಹೊರಕ್ಕೆ ಕಳುಹಿಸುತ್ತಿತ್ತು. ಒಳಗೆ ಕುಳಿತವರಿಗೆ ಅದು ಸುಖದ ವಾಹನವಾಗಿರಲಿಲ್ಲ. ಮೇಲೇರಿದಂತೆ ಮೈ ಮರಗಟ್ಟಿಸುವ ಚಳಿ. ಉಸಿರಾಟಕ್ಕೆ ಮುಖಕ್ಕೆ ಕಟ್ಟಿಕೊಂಡ ಆಮ್ಲಜನಕದ ಕೊಳವೆ. ಕೆಳಗಿನಿಂದ ಸಿಡಿಯುವ ಗುಂಡು. ಅವರಲ್ಲಿ ಬಹಳ ಜನ ಇಪ್ಪತ್ತರ ಆಸುಪಾಸಿನ ಹುಡುಗರು.

ಇಂಗ್ಲೆಂಡಿನ ಪೂರ್ವಭಾಗದಲ್ಲಿ, ನಾರ್ವಿಚ್ ಪಟ್ಟಣದ ಸುತ್ತಮುತ್ತಲ ಹೊಲಗಳ ನಡುವೆ, ಅಮೆರಿಕದ ಎರಡನೆಯ ವಾಯುದಳ ವಿಭಾಗದ ಲಿಬರೇಟರುಗಳು ನೆಲೆಸಿದ್ದವು. ಆ ವಿಭಾಗದಿಂದ ಸುಮಾರು 7,000 ಜನ ತಾಯ್ನಾಡಿಗೆ ಹಿಂದಿರುಗಲಿಲ್ಲ. 1945ರಲ್ಲಿ ಉಳಿದವರು ಊರಿಗೆ ಹೊರಡುವ ಮುನ್ನ, ಹೋದವರ ಹೆಸರಿನಲ್ಲಿ ಇಲ್ಲಿ ಏನನ್ನು ಬಿಟ್ಟುಹೋಗಬೇಕೆಂಬ ಪ್ರಶ್ನೆ ಎದ್ದಿತು. ಅವರು ಕಲ್ಲಿನ ಕಂಬವನ್ನು ಬಯಸಲಿಲ್ಲ, ಪುಸ್ತಕಾಲಯವನ್ನು ಬಯಸಿದರು. ತಮ್ಮ ತಮ್ಮ ಸಂಬಳದಿಂದ ಕೊಟ್ಟು 20,000 ಪೌಂಡುಗಳಿಗಿಂತ ಹೆಚ್ಚು ಹಣವನ್ನು ಕೂಡಿಸಿದರು. ಪಟ್ಟಣಗಳ ಮೇಲೆ ಬೆಂಕಿಯನ್ನು ಸುರಿಸಿ ಬಂದ ಹುಡುಗರು ಕಡೆಗೆ ಗ್ರಂಥಗಳನ್ನು ಆರಿಸಿಕೊಂಡರೆಂಬುದು ಯೋಚಿಸತಕ್ಕ ಸಂಗತಿ. 1963ರಲ್ಲಿ ನಾರ್ವಿಚ್ಚಿನಲ್ಲಿ ಆ ಸ್ಮಾರಕ ಪುಸ್ತಕಾಲಯವು ತೆರೆಯಿತು.

ಅಷ್ಟರಲ್ಲಿ, 1948ರಲ್ಲೇ, ಆ ವಿಭಾಗದ ಮಾಜಿ ಸೈನಿಕರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡಿದ್ದರು. ನಮ್ಮೂರ ಸಂಘಗಳಿಗೆ ಹೊಸ ಸದಸ್ಯರನ್ನು ಸೇರಿಸುವುದೇ ದೊಡ್ಡ ಕೆಲಸ. ಅಲ್ಲಿ ಹಾಗಲ್ಲ. ಯುದ್ಧ ಮುಗಿದ ದಿನವೇ ಆ ಬಾಗಿಲು ಮುಚ್ಚಿತ್ತು. ಎಷ್ಟು ಹಣ ಕೊಟ್ಟರೂ ಯಾರೂ ಹೊಸದಾಗಿ ಹಳೆಯ ವೈಮಾನಿಕರಾಗುವಂತಿಲ್ಲ. ವರ್ಷಕ್ಕೊಮ್ಮೆ ಕೂಡಿದಾಗ ಎಷ್ಟು ಕುರ್ಚಿಗಳು ಖಾಲಿಯಾದವೆಂಬ ಲೆಕ್ಕವೇ ಅವರ ವಾರ್ಷಿಕ ವರದಿ. 1994ರ ಆಗಸ್ಟ್ 1ರಂದು ಪುಸ್ತಕಾಲಯಕ್ಕೆ ಬೆಂಕಿ ಬಿದ್ದು ಕಟ್ಟಡವೆಲ್ಲ ಬೂದಿಯಾಯಿತು. 2001ರಲ್ಲಿ ಅದು ಹೊಸ ಕಟ್ಟಡದಲ್ಲಿ ಮರಳಿ ತೆರೆಯಿತು.

ಹೀಗೆ ಹೆಸರುಗಳು ಉಳಿದವು, ಪುಸ್ತಕಗಳು ಉಳಿದವು. ವಿಮಾನವೆಲ್ಲಿ? ಯುದ್ಧ ಮುಗಿದೊಡನೆ ಬೇಡವಾದ ಸಾವಿರಾರು ವಿಮಾನಗಳನ್ನು ಅಮೆರಿಕದ ಮರುಭೂಮಿಗಳಲ್ಲಿ ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಮಾಡಿದ್ದರು. ಸಮೃದ್ಧಿಯುಳ್ಳ ಮನೆಯಲ್ಲಿ ಹರಿದ ಸೀರೆಗೆ ಗಂಟು ಕಟ್ಟುವವರಾರು? ಮುದುಕನಾದ ವೈಮಾನಿಕನು, ತಾನು ಚಳಿಯಲ್ಲಿ ನಡುಗುತ್ತ ಕುಳಿತಿದ್ದ ಜಾಗವನ್ನು ಮೊಮ್ಮಗನಿಗೆ ತೋರಿಸಬೇಕೆಂದರೆ ಹಾರಬಲ್ಲ ಒಂದು ಲಿಬರೇಟರ್ ಸಿಗುವುದೇ ದುರ್ಲಭವಾಯಿತು.

ಬಡವರ ಮನೆಯ ಗಂಟು ಉಪಯೋಗಕ್ಕೆ ಬಂದದ್ದು ಇಲ್ಲಿ. ಬ್ರಿಟಿಷ್ ವಾಯುಪಡೆಯು ಭಾರತದಿಂದ ಹೊರಡುವಾಗ ತನ್ನ ಲಿಬರೇಟರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಯಿತು. ಮತ್ತೆ ಯಾರೂ ಹಾರಿಸಬಾರದೆಂದು ಅವುಗಳನ್ನು ಬೇಕೆಂದೇ ಕೆಡಿಸಿ, ಉಪಕರಣಗಳನ್ನು ಒಡೆದು ಹೋಗಿತ್ತು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಆ ರಾಶಿಯಿಂದಲೇ ಏನಾದರೂ ಆದೀತೇ ಎಂಬ ಪ್ರಶ್ನೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂತು. 1940ರ ಕೊನೆಯಲ್ಲಿ ಹುಟ್ಟಿದ ಆ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ವಿಮಾನಗಳನ್ನು ದುರಸ್ತಿ ಮಾಡಿ ಕೈ ಪಳಗಿಸಿಕೊಂಡಿತ್ತು.

ಕೆಲಸಗಾರರು ಕಾನ್ಪುರಕ್ಕೆ ಹೋದರು. ಒಂದರ ರೆಕ್ಕೆ, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನು ಎಂದು ಹೊಂದಿಸಿ, ಬೆಂಗಳೂರಿನವರೆಗೆ ಹೇಗೋ ಹಾರಬಲ್ಲಷ್ಟು ಮಟ್ಟಿಗೆ ಒಂದೊಂದನ್ನೇ ಸಿದ್ಧಗೊಳಿಸಿದರು. ಹಾಗೆ ತೇಪೆ ಹಾಕಿದ ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಕಾರ್ಖಾನೆಯ ಪರೀಕ್ಷಾ ವೈಮಾನಿಕರಾದ ಜಮ್‌ಶೆಡ್ ಮುನ್ಷಿಯವರು. ಇಲ್ಲಿ ಅವುಗಳನ್ನು ಪೂರ್ತಿ ಬಿಚ್ಚಿ ಮರಳಿ ಕಟ್ಟಿದರು. ನಲವತ್ತರ ಆಸುಪಾಸಿನಷ್ಟು ವಿಮಾನಗಳು ಹೀಗೆ ಮರುಜನ್ಮ ಪಡೆದವು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ದುಡಿದವು.

ಅವು ನಿವೃತ್ತವಾಗುವ ಹೊತ್ತಿಗೆ ಜಗತ್ತು ಲಿಬರೇಟರನ್ನು ಹುಡುಕುತ್ತಿತ್ತು. 1968ರಲ್ಲಿ ಒಂದು ಕೆನಡಾಕ್ಕೂ, 1969ರಲ್ಲಿ ಒಂದು ಅರಿಜೋನಾದ ಪೀಮಾ ವಸ್ತುಸಂಗ್ರಹಾಲಯಕ್ಕೂ, 1974ರಲ್ಲಿ ಒಂದು ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೂ ತಮ್ಮ ರೆಕ್ಕೆಗಳ ಮೇಲೆಯೇ ಹಾರಿಹೋದವು. ಕೆಡಿಸಿ ಬಿಟ್ಟುಹೋದವರ ಮನೆಗೇ ಕೌದಿಯು ಉಡುಗೊರೆಯಾಗಿ ಹೋಯಿತು.

ಇನ್ನೊಂದು ವಿಮಾನದ ಕಥೆ ಬೇರೆ. ಹಲವು ವರ್ಷ ಭಾರತದಲ್ಲೇ ಬಿಸಿಲಿಗೂ ಮಳೆಗೂ ಮೈಯೊಡ್ಡಿ ನಿಂತಿದ್ದ ಅದು, ಇಂಗ್ಲೆಂಡಿನ ಸಂಗ್ರಾಹಕರೊಬ್ಬರ ಕೈಸೇರಿ, 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಪಾಲಾಯಿತು. ಅದನ್ನು ಒಪ್ಪಮಾಡಿ ನೋಡುವವರಿಗಾಗಿ ನಿಲ್ಲಿಸಬೇಕೆಂಬುದೇ ಪ್ರತಿಷ್ಠಾನದ ಮೊದಲ ಆಲೋಚನೆ. ಆದರೆ ಒಂದು ಕಾಲದಲ್ಲಿ ಲಿಬರೇಟರುಗಳಲ್ಲಿ ಹಾರಿದ್ದ ಹಿರಿಯರು ಸುಮ್ಮನಿರಲಿಲ್ಲ. ಅದನ್ನು ಹಾರಿಸಲೇಬೇಕೆಂದು ಅವರು ಒತ್ತಾಯಿಸಿ ಒಪ್ಪಿಸಿದರು. 1989ರಲ್ಲಿ ಅದು ಮತ್ತೆ ಆಕಾಶಕ್ಕೇರಿತು. ಮುಂದಿನ ಮೂವತ್ತು ವರ್ಷ ಊರೂರು ತಿರುಗಿತು. ಅದರ ಸದ್ದು ಕೇಳಿದೊಡನೆ, ಮಾತು ಕಡಿಮೆ ಮಾಡಿದ್ದ ಎಷ್ಟೋ ಅಜ್ಜಂದಿರು ಮನೆಯವರ ಮುಂದೆ ಬಾಯಿಬಿಟ್ಟಿದ್ದರೆ ಆಶ್ಚರ್ಯವೇನಿಲ್ಲ.

2019ರ ಅಕ್ಟೋಬರ್ 2ರಂದು ಅದೇ ಪ್ರತಿಷ್ಠಾನದ ಬೇರೊಂದು ಹಳೆಯ ಬಾಂಬರು, ಬಿ-17, ಅಪಘಾತಕ್ಕೀಡಾಗಿ ಏಳು ಜನ ಸತ್ತರು. ಆ ಬಳಿಕ ಪ್ರಯಾಣಿಕರನ್ನು ಕೂರಿಸಿಕೊಂಡು ಊರೂರಿಗೆ ಹೋಗುವ ಹಾರಾಟಗಳು ನಿಂತವು. ಹಳೆಯ ವಿಮಾನವನ್ನು ಹಾರಿಸಬೇಕೆ, ಹಗ್ಗ ಕಟ್ಟಿ ನಿಲ್ಲಿಸಬೇಕೆ ಎಂಬ ವಾದ ಸಣ್ಣದಲ್ಲ. ಹೊದೆಯುವ ಕೌದಿ ಸವೆಯುತ್ತದೆ. ಹೊದೆಯದೆ ಮಡಿಚಿಟ್ಟ ಕೌದಿ ಉಳಿಯುತ್ತದೆ, ಆದರೆ ಯಾರ ಚಳಿಯನ್ನೂ ಕಳೆಯುವುದಿಲ್ಲ. ಹಾರಿಸಿರೆಂದ ಮುದುಕರ ಹಟವೂ ಸುಳ್ಳಲ್ಲ. ಏಳು ಮನೆಗಳ ದುಃಖವೂ ಸುಳ್ಳಲ್ಲ.

ಇಷ್ಟು ಮಾತ್ರ ನಿಜ. ಆ ವೈಮಾನಿಕರು ತಮ್ಮ ಕಥೆಯನ್ನು ಬರೆದಿಟ್ಟರು, ಸಂಘ ಕಟ್ಟಿದರು, ಪುಸ್ತಕಾಲಯವನ್ನು ಬಿಟ್ಟುಹೋದರು. 1945ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ 2025ಕ್ಕೆ ನೂರು ತುಂಬಿತು. ಸಂಘದ ಕುರ್ಚಿಗಳು ಖಾಲಿಯಾದರೂ ಕಪಾಟುಗಳು ತುಂಬಿವೆ. ಕಾನ್ಪುರದ ಬಿಸಿಲಿನಲ್ಲಿ ರೆಕ್ಕೆಗೆ ರೆಕ್ಕೆ ಜೋಡಿಸಿದ ಬೆಂಗಳೂರಿನ ಫಿಟ್ಟರುಗಳ ಹೆಸರು ಎಷ್ಟು ಜನರಿಗೆ ಗೊತ್ತು? ಮುನ್ಷಿಯವರು ಹಾರಿಸಿದರೆಂಬುದು ಗೊತ್ತು. ಹಾರಿಸಬಹುದೆಂಬ ಧೈರ್ಯವನ್ನು ಅವರಿಗೆ ಕೊಟ್ಟ ಕೈಗಳು ಯಾರವು?

ಕೌದಿ ಹೊಲಿದವಳು ಅದರ ಮೇಲೆ ತನ್ನ ಹೆಸರನ್ನು ಹಾಕುವುದಿಲ್ಲ. ಅದನ್ನು ನೆನಪಿಡಬೇಕಾದವರು ಮನೆಯ ಮಕ್ಕಳು. ಬೆಂಗಳೂರಿನ ಯಾವುದೋ ಮನೆಯ ಅಟ್ಟದ ಮೇಲೆ, ಅಜ್ಜನ ಟ್ರಂಕಿನ ತಳದಲ್ಲಿ, ಕಾರ್ಖಾನೆಯ ಹಳೆಯ ಬಿಲ್ಲೆಯೊಂದು ಇನ್ನೂ ಇದ್ದೀತು. ಮುಂದಿನ ಹಬ್ಬಕ್ಕೆ ಧೂಳು ಹೊಡೆಯುವಾಗ ಅದನ್ನು ಗುಜರಿಗೆ ಹಾಕುವ ಮುನ್ನ, ಇದು ಯಾರದೆಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಬೇಕು.