ಹೊಳೆಯಾಚೆಯ ಬೆಂಗರೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ ಬೆಂಗರೆ ಎದುರಿಗೇ ಇದೆ. ರಸ್ತೆಯಲ್ಲೇ ಹೋಗುತ್ತೇನೆಂದು ಹಟ ಹಿಡಿದರೆ ಕೂಳೂರು ಸೇತುವೆ ದಾಟಿ, ಪಣಂಬೂರು, ತಣ್ಣೀರುಬಾವಿ ಸುತ್ತಿ 10 ಕಿಲೋಮೀಟರಿಗೂ ಹೆಚ್ಚು ತಿರುಗಬೇಕು. ಫೆರಿ ಹತ್ತಿದರೆ ಕೆಲವೇ ನಿಮಿಷ. ಜುಲೈ ಕೊನೆಯ ವಾರ, ಜಿಟಿಜಿಟಿ ಮಳೆ. ಕಾಲೇಜು ಹುಡುಗಿಯರು, ಅಕ್ಕಿ ಚೀಲ, ಮೀನಿನ ಖಾಲಿ ಬುಟ್ಟಿ, ನಡುವೆ ನಾನು.

"ಎಂತ ನೋಡ್ಲಿಕ್ಕೆ ಬಂದದ್ದು ನೀವು?" ಬುಟ್ಟಿಯ ಅಮ್ಮ ಕೇಳಿದರು.

"ಊರು ನೋಡ್ಲಿಕ್ಕೆ."

"ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ!"

ಉಂಟು. ಫಲ್ಗುಣಿ ಹೊಳೆ ಇಲ್ಲಿ ನೇರ ಕಡಲಿಗೆ ಬೀಳದೆ ದಕ್ಷಿಣಕ್ಕೆ ಹರಿದು ನೇತ್ರಾವತಿಯ ಜೊತೆ ಅಳಿವೆ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ಬೆಂಗರೆ. ಪಡುವಣದ ಅಲೆಗೆ ಅದು ಮೈಯೊಡ್ಡಿದ್ದರಿಂದಲೇ ಒಳಗಿನ ಬಂದರಿಗೆ ನೆಮ್ಮದಿ. ಆ ಬಂದರಿನ ಕೀರ್ತಿ ಹಳೆಯದು. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಕಾಳುಮೆಣಸು ಸಾಗಿಸಿದ. ಶತ್ರು ನೌಕೆ ಹೊಳೆಗೆ ನುಗ್ಗದಿರಲೆಂದು ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ. ಕೀರ್ತಿಯೆಲ್ಲ ಪೇಟೆಯ ದಡಕ್ಕೇ ಹೋಯಿತು, ಪೆಟ್ಟು ತಿಂದ ಮರಳಿನ ಹೆಸರೆತ್ತಿದವರು ಕಡಿಮೆ. 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಹಳೆ ಬಂದರಿಗೆ ಮೀನಿನ ಬೋಟುಗಳೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಉಳಿದವು.

ಫೆರಿ ಇಳಿದದ್ದು ಕಸಬಾ ಬೆಂಗರೆಯಲ್ಲಿ. ಹೆಚ್ಚಿನವರು ಬ್ಯಾರಿ ಮುಸ್ಲಿಮರು, ಕಿವಿಗೆ ಬಿದ್ದದ್ದೂ ಬ್ಯಾರಿ ಭಾಷೆಯೇ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ, ಹೊಳೆಯ ಬದಿಯುದ್ದಕ್ಕೂ ಅವು ಒತ್ತೊತ್ತಾಗಿ ನಿಂತಿದ್ದವು. ಒಂದರ ಹಲಗೆಯ ಸಂದಿಗೆ ಮುದುಕರೊಬ್ಬರು ಹತ್ತಿಯ ಎಳೆ ಇಟ್ಟು, ಉಳಿಯ ಮೇಲೆ ಮೆಲ್ಲಗೆ ಬಡಿದು ಒಳಗೆ ತೂರಿಸುತ್ತಿದ್ದರು. ನೀರು ತಾಗಿದರೆ ಹತ್ತಿ ಉಬ್ಬಿ ಸಂದು ಮುಚ್ಚುತ್ತದಂತೆ. ಗಡಿಬಿಡಿ ಇಲ್ಲದ ಕೆಲಸ, ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಹಿಂದಿನ ಬಯಲಲ್ಲಿ ಹುಡುಗರ ಫುಟ್‌ಬಾಲ್, ಗೋಲಿಗೆ ಹರಿದ ಮೀನುಬಲೆ. ಫುಟ್‌ಬಾಲಿನ ಹುಚ್ಚು ಈ ಊರಿಗೆ ಹೊಸದಲ್ಲ, ಒದೆತದ ಬಿರುಸು ನೋಡಿದರೇ ಗೊತ್ತಾಗುತ್ತದೆ.

ಅಲ್ಲಿಂದ ನಡೆದರೆ ತೋಟ ಬೆಂಗರೆ, ಮೀನುಗಾರ ಮೊಗವೀರರ ಊರು. ಭಾಷೆ ತುಳುವಿಗೆ ತಿರುಗಿತು, ಭಜನಾ ಮಂದಿರ ಬಂತು. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸುತ್ತಾರೆ. ಎರಡು ಬೆಂಗರೆಗಳ ದೇವರು ಬೇರೆ, ಬಂಗುಡೆ, ಬೂತಾಯಿಯ ದರ ಮಾತ್ರ ಒಂದೇ. ಪೇಟೆಯವರು ಇಲ್ಲಿನದನ್ನು ಎರಡೂರಿನ ಕಥೆ ಮಾಡಿ ಹೇಳುವುದುಂಟು. ಬೋಟು, ಬಲೆ, ಐಸು, ಸಾಲಗಳ ಲೆಕ್ಕ ಕೇಳಿದ ಮೇಲೆ ನನಗೆ ಹಾಗೆನಿಸಲಿಲ್ಲ. ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತಿದ್ದವರು ನನ್ನನ್ನು ಕೂರಿಸಿ ಚಹಾ ಕೊಟ್ಟರು. ಮಾತು ಕಡಲ್ಕೊರೆತಕ್ಕೆ ಬಂತು, ಮನೆಯ ಹಕ್ಕುಪತ್ರಕ್ಕೆ ಬಂತು, ಡೀಸೆಲ್ ದರಕ್ಕೆ ಬಂದು ಅಲ್ಲೇ ನಿಂತಿತು.

"ಮೊದಲ ಬೋಟು ಬಂದ ದಿನ ದಕ್ಕೆಗೆ ಬನ್ನಿ, ಮೀನು ತೆಗೆದುಕೊಂಡು ಹೋಗಿ," ಎಂದರು. "ದರ ಮಾತ್ರ ನನ್ನ ಹತ್ರ ಕೇಳ್ಬೇಡಿ, ಅದು ಹೆಂಗಸರ ಖಾತೆ."